ದಾವಣಗೆರೆಯಿಂದ ಘಟ್ಟ ಇಳಿದು ಕಡಲಿಗೆ: ಟೆಂಟು, ಬೈಕು, ನಾನೊಬ್ಬನೇ

ಬೈಕಿಗೆ ಟೆಂಟ್ ಕಟ್ಟಿಕೊಂಡು ಒಬ್ಬನೇ ಮಲೆನಾಡು, ಕರಾವಳಿ ಸುತ್ತಿ ಬಂದೆ ಅಂದರೆ ನಮ್ಮ ಕಡೆ ಜನ ಕೇಳೋದು ಗಾಡಿ ಬಗ್ಗೆ. ಯಾವ ಗಾಡಿ, ಎಷ್ಟು ಸಿಸಿ, ಮೈಲೇಜ್ ಎಷ್ಟು ಕೊಡ್ತು. ನನ್ನದು ಹಳೇ ಯೂನಿಕಾರ್ನ್. ಅದರ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಓಡುತ್ತದೆ. ರಾತ್ರಿ ಎಲ್ಲಿ ಮಲಗಿದೆ, ಆ ಜಾಗ ಹೇಗೆ ಸಿಕ್ಕಿತು ಅಂತ ಯಾರೂ ಅಷ್ಟಾಗಿ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಇಂಥ ತಿರುಗಾಟದ ನಿಜವಾದ ಕೆಲಸ ಅದೇ. ಅದನ್ನು ಮನೆಯಲ್ಲೇ ಯೋಚನೆ ಮಾಡಿಕೊಂಡು ಹೋದರೆ ಉಳಿದದ್ದೆಲ್ಲ ಸಲೀಸು.

ದಾರಿ ಹೀಗಿತ್ತು: ದಾವಣಗೆರೆ, ಹೊನ್ನಾಳಿ, ಶಿವಮೊಗ್ಗ, ಸಾಗರ. ಅಲ್ಲಿಂದ ಸಿಗಂದೂರು ಸೇತುವೆ ದಾಟಿ ತುಮರಿ, ನಾಗೋಡಿ ಘಾಟಿ ಇಳಿದು ಕೊಲ್ಲೂರು. ಮುಂದೆ ಹೆಮ್ಮಾಡಿಗೆ ಬಂದು ಮರವಂತೆ, ಬೈಂದೂರು, ಭಟ್ಕಳ, ಹೊನ್ನಾವರ. ವಾಪಸ್ಸು ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರ, ಊರು. ಎಲ್ಲ ಸೇರಿ 600 ಕಿಲೋಮೀಟರ್ ಚಿಲ್ಲರೆ. ಹೋಗಿದ್ದು ಡಿಸೆಂಬರಲ್ಲಿ. ಮಳೆ ಮುಗಿದಿರುತ್ತದೆ, ಉಂಬಳದ (ಜಿಗಣೆಯ) ಕಾಟ ಇರುವುದಿಲ್ಲ, ಕಾಡು ಇನ್ನೂ ಹಸಿರಾಗಿರುತ್ತದೆ. ಮಳೆಗಾಲದಲ್ಲಿ ಘಟ್ಟ ಚೆನ್ನ ಅನ್ನುವವರಿದ್ದಾರೆ, ಇರಲಿ. ಟೆಂಟಲ್ಲಿ ಮಲಗುವವನಿಗೆ ಆ ಮಾತು ನಡೆಯುವುದಿಲ್ಲ.

ಸಾಮಾನು ಕಟ್ಟುವುದಕ್ಕೆ ನಾನು ಕೊಕ್ಕೆ ಇರುವ ರಬ್ಬರ್ ಹಗ್ಗ ಬಳಸುವುದಿಲ್ಲ. ಹಂಪ್ ಮೇಲೆ ಗಾಡಿ ಕುಪ್ಪಳಿಸಿದಾಗ ಕೊಕ್ಕೆ ಕಿತ್ತುಕೊಳ್ಳುತ್ತದೆ. ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ತಂದು, ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಎಳೆದು ಸುತ್ತಿ ಗಂಟು ಹಾಕಿದರೆ ಜಾರುವುದಿಲ್ಲ, ಸಡಿಲವೂ ಆಗುವುದಿಲ್ಲ. ಭಾರದ್ದೆಲ್ಲ ಎರಡು ಕಡೆಯ ಚೀಲದಲ್ಲಿ ಕೆಳಗೆ, ಹಗುರವಾದ ಟೆಂಟು ಹಾಸಿಗೆ ಹಿಂದಿನ ಸೀಟ್ ಮೇಲೆ ಅಡ್ಡಕ್ಕೆ. ಕಟ್ಟಿದ ಮೇಲೆ ಸಾಮಾನಿನ ಗಂಟನ್ನು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಗಾಡಿಯೂ ಜೊತೆಗೆ ಅಲ್ಲಾಡಿದರೆ ಸರಿ. ಗಂಟು ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಹಿಂದಿನ ಚಕ್ರಕ್ಕೆ ಗಾಳಿ, ಇಬ್ಬರು ಕೂತಾಗ ಎಷ್ಟು ಹಾಕಿಸುತ್ತೀರೋ ಅಷ್ಟು.

ಊಟಕ್ಕೆ ಅವ್ವ ಮಾಡಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಕ್ಯಾಂಪಿಂಗ್ ಊಟ ಅಂತ ಪ್ಯಾಕೆಟ್‌ನಲ್ಲಿ ಮಾರುವುದೆಲ್ಲ ಇದರ ಮುಂದೆ ಏನೂ ಅಲ್ಲ. ತಿಂಗಳಾದರೂ ಕೆಡುವುದಿಲ್ಲ, ಬೇಯಿಸುವ ಗೋಜಿಲ್ಲ, ಎಲ್ಲಿ ಬೇಕಾದರೂ ಒಂದು ಲೋಟ ಮೊಸರು ಸಿಕ್ಕರೆ ಊಟ ಆಯಿತು. ಸಣ್ಣ ಗ್ಯಾಸ್ ಒಲೆ ಇದ್ದದ್ದು ಚಹಾಕ್ಕೆ ಮಾತ್ರ. ನಮ್ಮೂರ ಮಂಡಕ್ಕಿಯೂ ಒಂದು ಚೀಲ ಇತ್ತು. ಆದರೆ ಅದರ ಗರಿಗರಿ ಬಯಲುಸೀಮೆಗೇ ಸರಿ. ಕಡಲ ಗಾಳಿ ಬಡಿದ ಒಂದೇ ರಾತ್ರಿಗೆ ಮೆತ್ತಗಾಯಿತು. ಮಂಡಕ್ಕಿ ತಿನ್ನುವುದಿದ್ದರೆ ಘಟ್ಟ ಇಳಿಯುವ ಮೊದಲೇ ಮುಗಿಸಿ.

ಸಾಗರದವರೆಗೆ ಹೇಳುವಂಥದ್ದೇನಿಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆ ಸಿಗುತ್ತದೆ, ಶಿವಮೊಗ್ಗದಲ್ಲಿ ತಿಂಡಿ, ಆನಂದಪುರ ದಾಟಿದ ಮೇಲೆ ಗಾಳಿ ತಣ್ಣಗಾಗುತ್ತದೆ. ಸಾಗರದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಆಮೇಲೆ ಕೊಲ್ಲೂರಿನ ತನಕ ಬಂಕ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬಾರದು.

ಅಂಬಾರಗೋಡ್ಲು ಹತ್ತಿರ ಲಿಂಗನಮಕ್ಕಿ ಹಿನ್ನೀರು ಎದುರಾಗುತ್ತದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಶರಾವತಿ ಎದ್ದು ನಿಂತು ಆಚೆ ದಡದ ಊರುಗಳನ್ನು ಬೇರೆ ಮಾಡಿಬಿಟ್ಟಿತು. ಅಲ್ಲಿನವರು ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಲಾಂಚ್ ಕಾಯುತ್ತಾ ಕಾಲ ಕಳೆದರು. ಸಂಜೆ ಲಾಂಚ್ ನಿಂತರೆ ಮುಗಿಯಿತು, ಬೆಳಗಿನವರೆಗೆ ದಾರಿಯಿಲ್ಲ. 2025ರ ಜುಲೈಯಲ್ಲಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರ್‌ಗೂ ಉದ್ದ, ಮಧ್ಯದಲ್ಲಿ ಕೇಬಲ್‌ಗಳು ಹಿಡಿದು ನಿಲ್ಲಿಸಿದ್ದು. ಬೈಕಿಗೆ ಕೆಲವೇ ನಿಮಿಷದ ದಾರಿ. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವವರು ತುಂಬಾ ಜನ. ಅಡ್ಡಗಾಳಿ ಜೋರಿರುತ್ತದೆ. ಹಿಂದೆ ಟೆಂಟ್ ಅಡ್ಡ ಕಟ್ಟಿದ್ದರೆ ಗಾಡಿ ಸ್ವಲ್ಪ ಪಕ್ಕಕ್ಕೆ ತಳ್ಳಿದ ಹಾಗಾಗುತ್ತದೆ, ನಿಧಾನ ಹೋಗಿ.

ಈಗ ಜಾಗದ ವಿಷಯ. ಈ ಸೀಮೆಯಲ್ಲಿ ಕಣ್ಣಿಗೆ ಕಾಣುವ ಚೆಂದದ ಜಾಗ ಮುಕ್ಕಾಲುಪಾಲು ಅರಣ್ಯ ಇಲಾಖೆಯದ್ದು, ಅಭಯಾರಣ್ಯ. ಅಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ. ಹಾಕಬಾರದು ಕೂಡ. ಉಳಿಯುವುದು ಯಾರದಾದರೂ ಮನೆ ಅಂಗಳ, ತೋಟ, ದೇವಸ್ಥಾನದ ಬಯಲು. ಅದಕ್ಕೆ ಕೇಳಬೇಕು. ಕೇಳುವುದಕ್ಕೆ ನಾಲ್ಕು ಗಂಟೆಗೇ ಗಾಡಿ ನಿಲ್ಲಿಸಬೇಕು. ಕತ್ತಲಾದ ಮೇಲೆ ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಬಂದವನಿಗೆ ಯಾರು ಜಾಗ ಕೊಡ್ತಾರೆ? ನಾನಾದರೂ ಕೊಡುವುದಿಲ್ಲ.

ನಾನು ಮಾಡುವುದು ಹೀಗೆ. ಗಾಡಿ ರಸ್ತೆ ಬದಿಯಲ್ಲೇ ಬಿಟ್ಟು, ಹೆಲ್ಮೆಟ್ ತೆಗೆದು ನಡೆದು ಹೋಗುತ್ತೇನೆ. ಮೊದಲು ಕುಡಿಯೋಕೆ ನೀರು ಕೇಳುತ್ತೇನೆ, ಟೆಂಟಿನ ಮಾತು ಎತ್ತುವುದಿಲ್ಲ. ನೀರು ಕುಡಿಯುವಷ್ಟರಲ್ಲಿ ಅವರೇ ಎಲ್ಲಿಂದ ಬಂದ್ರಿ ಅಂತ ವಿಚಾರಿಸುತ್ತಾರೆ. ಆಮೇಲೆ ಊರು, ಹೆಸರು, ಎಲ್ಲಿಗೆ ಹೋಗುತ್ತಿದ್ದೇನೆ, ಒಂದು ರಾತ್ರಿ ಮಾತ್ರ, ಬೆಂಕಿ ಹಾಕೋಲ್ಲ, ಕುಡಿಯೋಲ್ಲ, ಬೆಳಿಗ್ಗೆ ಆರಕ್ಕೆ ಹೊರಡ್ತೀನಿ. ಇಷ್ಟನ್ನೂ ಅವರು ಕೇಳುವ ಮೊದಲೇ ಹೇಳಿಬಿಡಬೇಕು. ಆಧಾರ್ ಜೆರಾಕ್ಸ್ ಒಂದು ಜೇಬಲ್ಲಿರಲಿ, ಕೆಲವರು ನೋಡುತ್ತಾರೆ, ಬೇಜಾರಿಲ್ಲದೆ ಕೊಡಿ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ನೀರು ಕುಡಿದು ಥ್ಯಾಂಕ್ಸ್ ಹೇಳಿ ಮುಂದೆ ಹೋಗಿಬಿಡುತ್ತೇನೆ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಸರಿಯಲ್ಲ.

ಬ್ಯಾಕೋಡು ದಾಟಿದ ಮೇಲೆ ಒಂದು ಅಡಿಕೆ ತೋಟದ ಮನೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ವಯಸ್ಸಾದ ಯಜಮಾನರು ಚೊಂಬಲ್ಲಿ ನೀರು ಕೊಟ್ಟು ಮಾತಿಗೆ ನಿಂತರು.

"ದಾವಣಗೆರೆನಾ? ಹಂಗಾರೆ ಚನ್ನಗಿರಿಲಿ ರಾಶಿ ಏನ್ ನಡೀತಾ ಇದೆ ಈಗ?"

ಚನ್ನಗಿರಿ ನಮ್ಮ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಅದು ಶಿವಮೊಗ್ಗಕ್ಕೇ ಸೇರಿತ್ತು. ಮಲೆನಾಡಿನವರಿಗೆ ಅಲ್ಲಿನ ಅಡಿಕೆ ರೇಟು ಇವತ್ತಿಗೂ ಮನೆ ಸುದ್ದಿ. ರಾಶಿ, ಬೆಟ್ಟೆ ಅಂದರೆ ಅಡಿಕೆಯ ಬಗೆಗಳು, ನನಗೆ ಯಾವುದು ಯಾವುದು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ನನ್ನ ಷಡ್ಡಕರು ಚನ್ನಗಿರಿಯವರು.

"ಒಂದ್ನಿಮಿಷ ಇರಿ ಅಜ್ಜಾ, ಕೇಳೇಬಿಡ್ತೀನಿ" ಅಂದೆ. ಪುಣ್ಯಕ್ಕೆ ಆ ಜಗಲಿಯ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಇತ್ತು. ಷಡ್ಡಕರು ಅವತ್ತಿನ ರೇಟು ಹೇಳಿದರು, ಅಜ್ಜ ಫೋನ್ ಇಸಕೊಂಡು ಸರಕು, ಗೊರಬಲು ಅಂತ ಉಳಿದ ಬಗೆಯ ಅಡಿಕೆ ರೇಟನ್ನೂ ವಿಚಾರಿಸಿದರು. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ನಾನು ಸುಮ್ನೆ ಚೊಂಬು ಹಿಡಿದು ನಿಂತಿದ್ದೆ. ಫೋನ್ ವಾಪಸ್ ಕೊಡುತ್ತಾ ಅಜ್ಜನೇ ಕೇಳಿದರು: "ರಾತ್ರಿ ಎಲ್ಲುಳೀತೀಯ ತಮ್ಮಾ?"

ಅಂಗಳದಲ್ಲಿ ಬೇಡ ಅಂತ ನಾನೇ ಅಂದೆ. ಬೆಳಿಗ್ಗೆ ಬೇಗ ಅವರು ಅಡಿಕೆ ಹರವಬೇಕು. ಕೊಟ್ಟಿಗೆ ಪಕ್ಕ ಹುಲ್ಲಿನ ಬಣವೆ ಹತ್ತಿರ ಸಮತಟ್ಟಾದ ಜಾಗ ಇತ್ತು. ನಾಯಿಯನ್ನು ಅವರೇ ಕರೆದು ನನ್ನ ಕೈ ಮೂಸಿಸಿದರು. ಇದನ್ನು ಮರೆಯದೆ ಕೇಳಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ರಾತ್ರಿ ಟೆಂಟಿಂದ ಹೊರಗೆ ಕಾಲಿಡೋಕೆ ಆಗುವುದಿಲ್ಲ. ರಾತ್ರಿ ಹತ್ತರವರೆಗೂ ಚಪ್ಪರದ ಕೆಳಗೆ ದೀಪ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿ ಮುಂದೆ ಕೂತವರ ಕೈ ನೋಡುತ್ತಾ ಇದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಕಾಯಿ ಕತ್ತಿಗೆ ತಾಗುತ್ತದೆ, ಒಂದು ತಿರುವು, ಸಿಪ್ಪೆ ಒಂದು ಕಡೆ ಅಡಿಕೆ ಇನ್ನೊಂದು ಕಡೆ. ಬಾಯಲ್ಲಿ ಮಾತು ನಡೆಯುತ್ತಲೇ ಇರುತ್ತದೆ.

ಬಯಲುಸೀಮೆಯವರು ಮಲೆನಾಡಲ್ಲಿ ಟೆಂಟ್ ಹಾಕುವಾಗ ಒಂದು ವಿಷಯ ತಿಳಿದಿರಬೇಕು. ಚಳಿ ಅಂತ ಜಿಪ್ಪೆಲ್ಲ ಮುಚ್ಚಿ ಮಲಗಿದರೆ ಬೆಳಿಗ್ಗೆ ಒಳಗೇ ನೀರು ತೊಟ್ಟಿಕ್ಕುತ್ತದೆ. ಟೆಂಟ್ ಸೋರಿತು ಅಂದುಕೊಳ್ಳುತ್ತಾರೆ, ಹಾಗಲ್ಲ. ನಮ್ಮ ಉಸಿರಲ್ಲಿರುವ ತೇವವೇ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಎದುರುಬದುರು ಎರಡು ಕಡೆ ಒಂದೊಂದು ಗೇಣು ಜಿಪ್ ತೆರೆದಿಡಬೇಕು, ಒಳಗಿನ ಸೊಳ್ಳೆ ಜಾಲರಿ ಮಾತ್ರ ಪೂರ್ತಿ ಮುಚ್ಚಿರಬೇಕು. ಚಳಿಗೆ ಇನ್ನೊಂದು ಕಂಬಳಿ ಹೊದೆಯುವುದೇ ವಾಸಿ. ಶೂ ಟೆಂಟಿನ ಒಳಗೇ ಇರಲಿ. ಹೊರಗೆ ಬಿಟ್ಟಿದ್ದರೆ ಬೆಳಿಗ್ಗೆ ಕೊಡವಿ ನೋಡದೆ ಕಾಲು ತೂರಿಸಬೇಡಿ.

ಬೆಳಿಗ್ಗೆ ದುಡ್ಡು ಕೊಡೋಕೆ ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಇಂಥ ಹೊತ್ತಿಗೆ ಅಂತಲೇ ಚಟ್ನಿಪುಡಿಯ ಸಣ್ಣ ಸಣ್ಣ ಪೊಟ್ಟಣ ಇಟ್ಟುಕೊಂಡಿರುತ್ತೇನೆ.

ನಾಗೋಡಿ ಘಾಟಿ ಮೂಕಾಂಬಿಕಾ ಅಭಯಾರಣ್ಯದ ಕಾಡಲ್ಲೇ ಇಳಿಯುತ್ತದೆ. ಬಿಸಿಲು ರಸ್ತೆಗೆ ಬೀಳುವುದು ತಡ, ತಿರುವುಗಳಲ್ಲಿ ಇಬ್ಬನಿ ಆರಿರುವುದಿಲ್ಲ. ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳಿಯಬೇಕು. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಆಗಾಗ ತಟ್ಟಿದರೆ ಸಾಕು. ಹಿಡಿದೇ ಇಳಿದರೆ ಬ್ರೇಕ್ ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ, ಅದೂ ಸಾಮಾನು ಹೊತ್ತ ಗಾಡಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ರಸ್ತೆ ಕಿರಿದಾದ ಕಡೆ ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಅದು ನಿಯಮ, ಆದರೆ ಎದುರಿನ ಬಸ್ಸಿನವರು ನಿಯಮ ನೋಡುತ್ತಾರೆ ಅಂತ ನಾನು ಕಾಯುವುದಿಲ್ಲ.

ಕೊಲ್ಲೂರಲ್ಲಿ ದರ್ಶನ, ಊಟ. ಹೆಮ್ಮಾಡಿ ಹತ್ತಿರ ಹೆದ್ದಾರಿಗೆ ಸೇರಿ ಉತ್ತರಕ್ಕೆ ತಿರುಗಿದರೆ ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ಮಧ್ಯ ರಸ್ತೆ. ಚಿತ್ರದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿಯೇ ಇದೆ. ಆದರೆ ಚತುಷ್ಪಥ ಹೆದ್ದಾರಿ, ಲಾರಿಗಳು ನುಗ್ಗುತ್ತಿರುತ್ತವೆ, ಟೆಂಟಿಗೆ ಅಲ್ಲಿ ಜಾಗವಿಲ್ಲ. ಬೈಂದೂರಿನ ಕಡೆ ಹೆದ್ದಾರಿ ಬಿಟ್ಟು ಕಡಲಿಗೆ ಹೋಗುವ ಸಣ್ಣ ರಸ್ತೆ ಹಿಡಿದೆ. ಗಾಳಿಮರದ ತೋಪು, ಅದರ ಹಿಂದೆ ಮೀನುಗಾರರ ಮನೆಗಳು. ಬಲೆ ಹೊಲಿಯುತ್ತಿದ್ದ ಒಬ್ಬರು ನನ್ನನ್ನೂ ಗಂಟನ್ನೂ ನೋಡಿ ನಕ್ಕರು. "ಎಂತ ಮಾರಾಯ್ರೆ, ರೂಮ್ ಸಿಗ್ಲಿಲ್ವಾ?"

ನಾನು ನೀರಿನ ಹತ್ತಿರ ಹಾಕುವ ಅಂದಾಜಲ್ಲಿ ನಿಂತಿದ್ದನ್ನು ನೋಡಿ ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಮರಳಿನ ಮೇಲೆ ಒಣ ಕಸ, ಚಿಪ್ಪು, ಪ್ಲಾಸ್ಟಿಕ್ ಚೂರುಗಳ ಉದ್ದ ಗೆರೆ ಇರುತ್ತದೆ. ಉಬ್ಬರದ ನೀರು ಅಲ್ಲಿಯವರೆಗೆ ಬಂದು ಹೋಗಿದೆ ಅಂತ ಅರ್ಥ. ಅದರಿಂದ ಚೆನ್ನಾಗಿ ಮೇಲೆ ಹಾಕಬೇಕು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದರೆ ಇನ್ನೂ ಮೇಲೆ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾಯಿ ಬಿದ್ದರೆ ಟೆಂಟಿನ ಬಟ್ಟೆ ಏನು ತಡೆಯುತ್ತದೆ?

ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಎಷ್ಟು ಹೊಡೆದರೂ ಒಂದು ಗಾಳಿಗೆ ಎದ್ದು ಬರುತ್ತದೆ. ಅದಕ್ಕೆ ಮೊಳಕೈ ಉದ್ದದ ಕಡ್ಡಿಯ ನಡುವಿಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಗುಂಡಿ ತೋಡಿ ಕಡ್ಡಿಯನ್ನು ಅಡ್ಡ ಮಲಗಿಸಿ ಹೂಳಬೇಕು. ಹಗ್ಗ ಓರೆಯಾಗಿ ಹೊರಗೆ ಬರುವ ಹಾಗೆ ಒಂದು ಸಣ್ಣ ಗೀರು ತೋಡಿ. ಮರಳು ಹಾಕಿ, ತುಳಿದು, ಮೇಲೆ ಒಂದಿಷ್ಟು ನೀರು ಸುರಿದರೆ ಗಟ್ಟಿ. ಎಳೆದಷ್ಟೂ ಮರಳಿನ ಭಾರ ಕಡ್ಡಿಯ ಮೇಲೆ ಕೂರುತ್ತದೆ. ಕಡ್ಡಿ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಿಗೆ ಮರಳು ತುಂಬಿ ಅದನ್ನೇ ಹೂಳಬಹುದು. ಹೊರಡುವಾಗ ಅಗೆದು ತೆಗೆದುಕೊಂಡು ಹೋಗಬೇಕು ಅಷ್ಟೆ.

ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರುತ್ತವೆ, ಹೊನ್ನಾವರದ ಕಾಸರಕೋಡು ಕಡೆಗೂ ಬರುತ್ತವೆ. ಬೆಂಕಿ, ಜೋರು ಟಾರ್ಚು ಕಂಡರೆ ಹೆದರಿ ವಾಪಸ್ ಹೋಗಿಬಿಡುತ್ತವೆ. ಕ್ಯಾಂಪ್ ಫೈರ್ ಇಲ್ಲದೆ ಕ್ಯಾಂಪಿಂಗ್ ಏನು ಮಜಾ ಅನ್ನುವವರು ರೆಸಾರ್ಟಿಗೆ ಹೋಗಲಿ.

ಮುರುಡೇಶ್ವರದ 123 ಅಡಿ ಶಿವನನ್ನು ದೂರದಿಂದಲೇ ನೋಡಿ ಕೈಮುಗಿದು ಹೊನ್ನಾವರಕ್ಕೆ ಬಂದೆ. ಅಲ್ಲಿಂದ ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪೆ. ಕರಿಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರು. ಹೊಳೆಯಾಚೆ ಕಾಡಲ್ಲಿ ಚತುರ್ಮುಖ ಬಸದಿ ಇದೆ. ಅದಕ್ಕೆ ಅರ್ಧ ದಿನ ಇಟ್ಟುಕೊಂಡು ಹೋಗಬೇಕು, ನಾನು ಬಿಟ್ಟು ಬಂದೆ. ಘಾಟಿ ಹತ್ತುವಾಗ ಸಿಂಗಳೀಕಗಳ ಕಾಡು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ. ಇವು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಾರು ನಿಲ್ಲಿಸಿ ಚಿಪ್ಸ್ ಎಸೆಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಮರದ ತುದಿಯಲ್ಲಿ ಬದುಕುವ ಪ್ರಾಣಿಯನ್ನು ರಸ್ತೆಗೆ ಇಳಿಸಿ ಚಕ್ರದ ಕೆಳಗೆ ಹಾಕುವ ಕೆಲಸ ಅದು.

ಈ ದಾರಿಯಲ್ಲಿ ಸುಮಾರು ಹೊತ್ತು ನೆಟ್‌ವರ್ಕ್ ಇರುವುದಿಲ್ಲ. ಒಬ್ಬನೇ ಹೋಗುವವನು ಮನೆಯವರಿಗೆ ಇದನ್ನು ಮೊದಲೇ ಹೇಳಿರಬೇಕು. ನಾನು ನನ್ನ ಹೆಂಡತಿಗೆ ಘಾಟಿ ಶುರುವಾಗುವಾಗ ಒಂದು ಮೆಸೇಜು, ಮುಗಿದಾಗ ಒಂದು. ಟೆಂಟ್ ಹಾಕಿದ ಮೇಲೆ ಲೊಕೇಶನ್ ಜೊತೆಗೆ ಆ ಮನೆಯವರ ನಂಬರ್ ಕೂಡ.

ಜೋಗದಲ್ಲಿ ನೀರು ತೆಳ್ಳಗಿತ್ತು. 253 ಮೀಟರ್ ಬಂಡೆ ಮಾತ್ರ ಪೂರ್ತಿ ಕಾಣುತ್ತಿತ್ತು, ನನಗೆ ಅದೂ ಇಷ್ಟವೇ. ಅವತ್ತು ಟೆಂಟ್ ಬಿಚ್ಚಲಿಲ್ಲ. ಮೈಯೆಲ್ಲ ಉಪ್ಪು, ಸಾಗರದಲ್ಲಿ ಲಾಡ್ಜ್ ಮಾಡಿ ಬಿಸಿನೀರು ಸ್ನಾನ ಮಾಡಿದೆ.

ಊರಿಗೆ ಬಂದ ದಿನವೇ ಗಾಡಿಯನ್ನು ಸಿಹಿನೀರಲ್ಲಿ ತೊಳೆಯಬೇಕು. ಚೈನು, ಸ್ಟ್ಯಾಂಡಿನ ಸ್ಪ್ರಿಂಗು, ಬ್ರೇಕಿನ ಸಂದಿ, ಉಪ್ಪು ಕೂರುವುದು ಅಲ್ಲೇ. ಒಣಗಿದ ಮೇಲೆ ಚೈನಿಗೆ ಎಣ್ಣೆ. ಟೆಂಟನ್ನು ಸೋಪು ಹಾಕದೆ ಬರೀ ನೀರಲ್ಲಿ ಜಾಲಾಡಿ, ಟೆರೇಸಿನ ನೆರಳಲ್ಲಿ ಹರವಿದರೆ ನಮ್ಮೂರ ಗಾಳಿಗೆ ಬೇಗ ಒಣಗುತ್ತದೆ. ಹಸಿ ಇರುವಾಗ ಮಡಚಿದರೆ ಬೂಸ್ಟು ಹಿಡಿಯುತ್ತದೆ. ಜಿಪ್ಪಿನ ಹಲ್ಲಲ್ಲಿ ಮರಳು ಸಿಕ್ಕಿರುತ್ತದೆ. ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ತೆಗೆದು ಮೇಣದ ಬತ್ತಿ ಸವರಿಟ್ಟರೆ ಮುಂದಿನ ಸಲಕ್ಕೆ ಸಲೀಸಾಗಿ ಓಡುತ್ತದೆ.