ಗೀರು ಇತ್ತು, ಗುಂಡಗೆ ಇರಲಿಲ್ಲ

ಚಾರ್ಮಾಡಿ ಘಾಟಿ ನನಗೆ ಹೊಸದಲ್ಲ. ಊರು ಬೆಳ್ತಂಗಡಿ ಕಡೆ. ಇರೋದು ನೆಲಮಂಗಲದಲ್ಲಿ. ಹಾಸನ, ಬೇಲೂರು, ಮೂಡಿಗೆರೆ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಪಲ್ಸರ್ 150ರಲ್ಲೇ ಊರಿಗೆ ಹೋಗುತ್ತೇವೆ. ಆದರೆ ಹೋದ ದೀಪಾವಳಿಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿದಾಗ ಬೈಕು ನನ್ನದೇ ಅಲ್ಲ ಅನ್ನಿಸಿತು. ತಿರುವಿಗೆ ವಾಲಿಸಿದರೆ ಮೊದಲು ಹಟ ಹಿಡಿಯುತ್ತಿತ್ತು. ಇನ್ನೂ ಸ್ವಲ್ಪ ಒತ್ತಿದರೆ ತಟ್ಟನೆ ಒಳಕ್ಕೆ ಬೀಳುತ್ತಿತ್ತು. ಮಂಜು ಬೇರೆ, ರಸ್ತೆ ಒದ್ದೆ. ಒಂದು ಹೇರ್‌ಪಿನ್‌ನಲ್ಲಿ ಹಿಂದಿನ ಚಕ್ರ ಗೇಣುದ್ದ ಜಾರಿ ಮತ್ತೆ ಹಿಡಿಯಿತು. ಹಿಂದೆ ಕೂತಿದ್ದ ಹೆಂಡತಿ "ನಿಲ್ಸಿ ರೀ, ನಿಲ್ಸಿ" ಅಂದಳು. ಪಕ್ಕಕ್ಕೆ ಹಾಕಿ ಕಾಲು ಗಂಟೆ ಸುಮ್ನೆ ನಿಂತೆವು.

ಹೊರಡುವ ಮುಂಚೆ ಗ್ಯಾರೇಜಿನಲ್ಲಿ ಹಿಂದಿನ ಟೈರ್ ತೋರಿಸಿದ್ದೆ. "ಗೀರು ಇನ್ನೂ ಇದೆಯಲ್ಲ ಸಾರ್, ಆರಾಮಾಗಿ ಓಡುತ್ತೆ" ಅಂದಿದ್ದರು. ರಬ್ಬರಿನಲ್ಲಿ ಕೊರೆದ ಗೀರು ಇದ್ದದ್ದು ನಿಜ.

ಪೀಣ್ಯದಲ್ಲಿ ನನ್ನದು ಲೇತ್ ಕೆಲಸ. ಅಳೆಯದೆ ಸಮಾಧಾನ ಇಲ್ಲ. ವಾಪಸ್ ಬಂದ ಮೇಲೆ ಅಳತೆಗೆ ಬಳಸುವ ವರ್ನಿಯರ್‌ನ ತುದಿಯ ಕಡ್ಡಿಯನ್ನು ಗೀರಿಗೆ ಇಳಿಸಿ ನೋಡಿದೆ. ನಡುವೆ 1.5 ಮಿ.ಮೀ., ಅಂಚಿನಲ್ಲಿ 5. ಎರಡು ಚಕ್ರದ ಗಾಡಿಗೆ ಕಾನೂನು ಕೇಳುವುದು 0.8 ಮಾತ್ರ. ಆ ಲೆಕ್ಕದಲ್ಲಿ ಪಾಸು. ಆಮೇಲೆ ಟೈರ್ ಮೇಲೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಟ್ಟೆ. ಎರಡು ಬೆರಳಗಲ ಅಲುಗಾಡದೆ ಕೂತಿತು. ಗುಂಡಗಿರಬೇಕಾದ ಟೈರ್ ಮಣೆಯ ಹಾಗೆ ಚಪ್ಪಟೆಯಾಗಿತ್ತು! ಆ ಚಪ್ಪಟೆ ಮುಗಿಯುವ ಕಡೆ ಒಂದು ಏಣು. ಬೈಕು ವಾಲುವಾಗ ಆ ಏಣನ್ನು ಹತ್ತಿ ಇಳಿಯಬೇಕಿತ್ತು. ಹಟ, ಆಮೇಲೆ ಬೀಳುವುದು, ಎರಡಕ್ಕೂ ಕಾರಣ ಅದೇ. ಏಣಿನ ಮೇಲೆ ನಿಂತಾಗ ನೆಲಕ್ಕೆ ತಾಗುವ ರಬ್ಬರೂ ಕಡಿಮೆ.

ತಪ್ಪಿನಲ್ಲಿ ನನ್ನ ಪಾಲೂ ಇತ್ತು. ದಿನಾ ಓಡಿಸುವುದು ತುಮಕೂರು ರಸ್ತೆಯಲ್ಲಿ, ನೇರಕ್ಕೆ ನೇರ. ಸವೆಯುವುದೆಲ್ಲ ನಡುವೆಯೇ. ಸಾಲದ್ದಕ್ಕೆ ಮೈಲೇಜ್ ಬರಲಿ ಅಂತ ಹಿಂದಕ್ಕೆ 40 ಪಿಎಸ್ಐ ಗಾಳಿ ಹೊಡೆಸುತ್ತಿದ್ದೆ. ಗಾಳಿ ಜಾಸ್ತಿಯಾದರೆ ಟೈರ್ ನಡುವೆ ಉಬ್ಬುತ್ತದೆ, ಅಲ್ಲೇ ಬೇಗ ಸವೆಯುತ್ತದೆ. ನನ್ನ ಬೈಕಿಗೆ ಬೇಕಾದದ್ದು ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32.

ಹೊಸ ಟೈರ್ ತರಲು ಹೋದಾಗ ಅಂಗಡಿಯಲ್ಲಿ 120 ಮಿ.ಮೀ. ಅಗಲದ್ದು ಹಾಕಿಸಿಕೊಳ್ಳಿ, ಗ್ರಿಪ್ ಜಾಸ್ತಿ ಅಂದರು. ಬೇಡ ಅಂದೆ. ಈ ಸಣ್ಣ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಎರಡೂ ಕಡೆ ಹಿಂಡಿದಂತಾಗಿ ಗುಂಡಗಿನ ಆಕಾರ ಕೆಡುತ್ತದೆ. ನಾನು ಕಷ್ಟಪಟ್ಟದ್ದೇ ಆಕಾರ ಕೆಟ್ಟು, ಅಲ್ವಾ? ಕಂಪನಿ ಅಳತೆಯ 100/90-17 ಅನ್ನೇ ತೆಗೆದುಕೊಂಡೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯನ್ನೂ ಓದಿಕೊಂಡೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇದೆಯಾ ಅಂತ ನಿಂತು ನೋಡಿದೆ.

ಹೊಸ ರಬ್ಬರ್ ಮೇಲೆ ಎಣ್ಣೆ ಸವರಿದಂಥ ಹೊಳಪು ಇರುತ್ತದೆ, ಜಾರುತ್ತದೆ. ಮೊದಲ 150 ಕಿ.ಮೀ. ಮೆಲ್ಲಗೆ ಓಡಿಸಿದೆ. ಗಾಳಿಯನ್ನು ಈಗ ಬೆಳಿಗ್ಗೆ ಬೈಕು ತೆಗೆಯುವ ಮುಂಚೆ ನನ್ನದೇ ಗೇಜಿನಲ್ಲಿ ನೋಡುತ್ತೇನೆ. ಓಡಿಸಿ ಬಿಸಿಯಾದ ಟೈರ್ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಮಾರನೇ ದಿನ ಕಡಿಮೆಯಾಗಿರುತ್ತದೆ.

ಇನ್ನೊಂದು ಮಾಡಿದೆ. ಟೈರ್ ಹೊಸದಿದ್ದಾಗಲೇ ಅದರ ಬಾಗಿಗೆ ಸರಿಯಾಗಿ ಒಂದು ರಟ್ಟು ಕತ್ತರಿಸಿಟ್ಟುಕೊಂಡೆ. ತಿಂಗಳಿಗೊಮ್ಮೆ ಟೈರ್ ಮೇಲೆ ಕೂರಿಸಿ ಹಿಂದಿನಿಂದ ಟಾರ್ಚ್ ಬಿಡುತ್ತೇನೆ. ಸವೆದ ಕಡೆ ಬೆಳಕು ತೂರಿ ಬರುತ್ತದೆ. ಯುಗಾದಿಗೆ ಅದೇ ಘಾಟಿ ಇಳಿದೆವು. ಬೈಕು ಹೇಳಿದಷ್ಟೇ ವಾಲಿತು, ಹೆಂಡತಿ ಉಜಿರೆವರೆಗೂ ಮಾತಾಡುತ್ತಲೇ ಬಂದಳು. ಹೋದ ಭಾನುವಾರ ರಟ್ಟಿನ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು.