ಕರೆಂಟು, ರೋಡು, ನೆಟ್‌ವರ್ಕ್ ಮೂರೂ ಹೋದಾಗ: ಮಲೆನಾಡಿನ ಮಳೆಗಾಲಕ್ಕೆ ನಮ್ಮನೆ ತಯಾರಿ, ನನ್ನ ಅನುಭವ

ನಮ್ದು ತೀರ್ಥಹಳ್ಳಿ ಕಡೆ, ಆಗುಂಬೆ ಮಳೆ ಬೀಳೋ ಸೀಮೆ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಪುನರ್ವಸು ಪುಷ್ಯ ಮಳೆ ಹಿಡೀತು ಅಂದ್ರೆ ಮೊದ್ಲು ಕರೆಂಟು ಹೋಗತ್ತೆ, ಆಮೇಲೆ ಟವರ್ ಬ್ಯಾಟರಿ ಮುಗಿದು ನೆಟ್‌ವರ್ಕ್ ಹೋಗತ್ತೆ, ಅದ್ರ ಹಿಂದೆ ಯುಪಿಐ, ಕೊನೆಗೆ ಎಲ್ಲೋ ಒಂದ್ಕಡೆ ಮರ ಬಿದ್ದೋ ಧರೆ ಕುಸಿದೋ ರೋಡು. ಬೆಂಗಳೂರಲ್ಲಿರೋ ನೆಂಟ್ರು ಪ್ರತಿ ವರ್ಷ ಕೇಳ್ತಾರೆ, ಹೆಂಗಿರ್ತೀರಾ ಮಾರಾಯ್ರೆ ಅಂತ. ಹೆಂಗಿರ್ತೀವಿ ಅಂತ ಬರ್ದಿದೀನಿ, ಘಟ್ಟದ ಸೀಮೇಲಿ ಹೊಸದಾಗಿ ಜಾಗ ತಗೊಂಡು ಮನೆ ಕಟ್ಟಿರೋರಿಗೆ, ಊರಿಗೆ ವಾಪಸ್ ಬಂದಿರೋ ಹುಡುಗ್ರಿಗೆ ಉಪಯೋಗ ಆಗ್ಲಿ ಅಂತ.

ಎಲ್ಲಕ್ಕಿಂತ ಮೊದ್ಲು ಹೇಳ್ಬೇಕಾಗಿರೋದು, ಕಷ್ಟ ಕಾಲಕ್ಕೆ ಅಂತ ತಂದು ಅಟ್ಟದ ಮೇಲೆ ಇಟ್ಟಿದ್ದು ಕಷ್ಟ ಕಾಲಕ್ಕೆ ಕೆಲಸ ಮಾಡಲ್ಲ. ಬ್ಯಾಟರಿ ಸತ್ತಿರತ್ತೆ, ರಬ್ಬರ್ ವಾಷರ್ ಒಣಗಿ ಹೋಗಿರತ್ತೆ, ಇಲಿ ಕಡ್ದಿರತ್ತೆ, ಇಲ್ಲಾಂದ್ರೆ ಹೆಂಗೆ ಬಳಸೋದು ಅಂತ ಮನೇಲಿ ಒಬ್ರಿಗೇ ಗೊತ್ತಿದ್ದು ಅವ್ರೇ ಊರಲ್ಲಿ ಇರಲ್ಲ. ವರ್ಷ ಪೂರ್ತಿ ಕೈಲಿ ಓಡಾಡೋ ಸಾಮಾನು ಮಾತ್ರ ಮಳೇಲೂ ಓಡತ್ತೆ, ನಮ್ಮನೆ ತಯಾರಿ ಪೂರ್ತಿ ಇದೇ ಲೆಕ್ಕದ ಮೇಲೆ ನಿಂತಿದೆ. ಅದಕ್ಕೇ ಮೇ ತಿಂಗಳಲ್ಲಿ ಒಂದು ಭಾನುವಾರ ಮೈನ್ ಸ್ವಿಚ್ ಆಫ್ ಮಾಡ್ತೀನಿ, ಫೋನುಗಳನ್ನ ಏರೋಪ್ಲೇನ್ ಮೋಡಿಗೆ ಹಾಕ್ತೀವಿ, ಬೆಳಗ್ಗಿಂದ ರಾತ್ರಿ ಮಲಗೋ ತನಕ ಹಂಗೇ. ಪಂಪು ಇಲ್ಲ, ಮಿಕ್ಸಿ ಇಲ್ಲ. ಅಮ್ಮ ಒರಳು ಕಲ್ಲು ತೊಳ್ದು ಚಟ್ನಿ ಅರೀತಾರೆ, ಮಕ್ಳಿಗೆ ಬಾವಿ ನೀರು ಸೇದೋ ಡ್ಯೂಟಿ. ಆವತ್ತು ಏನೇನು ಕೈ ಕೊಡ್ತೋ ಅದನ್ನೆಲ್ಲ ಅಡುಗೆ ಮನೆ ಕ್ಯಾಲೆಂಡರ್ ಮೇಲೆ ಬರೀತೀನಿ, ರಾಟೆಗೆ ಎಣ್ಣೆ, ಹಗ್ಗ ಹೊಸದು, ಟಾರ್ಚಿಗೆ ಸೆಲ್ಲು ಅಂತ. ಮೃಗಶಿರ ಮಳೆ ಶುರುವಾಗೋದು ಜೂನ್ 7-8ಕ್ಕೆ, ಪಟ್ಟಿ ಅಷ್ಟ್ರೊಳಗೆ ಖಾಲಿ ಆಗ್ಬೇಕು.

ಸೌದೆ ವಿಷಯ. ಫೆಬ್ರವರಿ ಮಾರ್ಚಲ್ಲಿ ಕಡ್ದು ಸೀಳಿದ್ದೇ ಮಳೆಗಾಲಕ್ಕೆ ಬರೋದು, ಮೇ ಕೊನೇಲಿ ಕಡ್ದಿದ್ದು ಬರೀ ಹೊಗೆ. ಕೊಟ್ಟಿಗೇಲಿ ನೆಲಕ್ಕೆ ತಾಗದ ಹಾಗೆ ಕಲ್ಲಿಟ್ಟು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ ಅದ್ರ ಮೇಲೆ ಒಟ್ಟಬೇಕು, ಗೋಡೆಗೂ ಒಟ್ಟಿಲಿಗೂ ಮಧ್ಯ ಗಾಳಿ ಆಡೋಕೆ ಕೈ ಹಾಕೋವಷ್ಟು ಜಾಗ ಬಿಡ್ಬೇಕು. ಒಣಗಿದೆಯಾ ಅಂತ ನೋಡೋಕೆ ಎರಡು ಸೀಳು ತಗೊಂಡು ಒಂದಕ್ಕೊಂದು ಹೊಡೀರಿ, ಠಣ್ ಅಂತ ಬಂದ್ರೆ ಒಣಗಿದೆ, ಸದ್ದು ಅಡಗಿದ ಹಾಗೆ ಧಡ್ ಅಂದ್ರೆ ಒಳಗಿನ್ನೂ ನೀರಿದೆ. ತುದೀಲಿ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಲ್ಲಿ ಎದ್ದು ಬರಬೇಕು. ಹಚ್ಚೋಕೆ ಕರಟ, ಒಣಗಿದ ಅಡಿಕೆ ಹಾಳೆ, ಅಡಿಕೆ ಸಿಪ್ಪೆ ಬೇರೆ ಬೇರೆ ಚೀಲದಲ್ಲಿ. ನಾಳೆ ಉರಿಸೋ ಸೌದೇನ ಇವತ್ತೇ ಬಚ್ಚಲ ಒಲೆ ಪಕ್ಕ ತಂದಿಡೋದು ನಮ್ಮನೇಲಿ ಅಪ್ಪಯ್ಯನ ಕಾಲದಿಂದ ಬಂದ ರೂಢಿ, ಬೆಂಕಿಪೊಟ್ಟಣ ಅದೇ ಒಲೆ ಮೇಲಿನ ಗೂಡಲ್ಲಿ. ಗ್ಯಾಸ್ ಸಿಲಿಂಡರ್ ಒಂದು ಎಕ್ಸ್‌ಟ್ರಾ ಇಟ್ಟಿರ್ತೀವಿ, ಗೋಬರ್ ಗ್ಯಾಸೂ ಇದೆ, ಆದ್ರೆ ಥಂಡಿ ಜಾಸ್ತಿ ಆದಂಗೆ ಅದ್ರಲ್ಲಿ ಗ್ಯಾಸ್ ಹುಟ್ಟೋದು ಕಮ್ಮಿ ಆಗತ್ತೆ, ಮಳೆಗಾಲದಲ್ಲಿ ಅದನ್ನೇ ನಂಬಿ ಕೂರೋ ಹಾಗಿಲ್ಲ.

ಇನ್ನು ಬೆಳಕು. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಜನ ಜಾಸ್ತಿ ದುಡ್ಡು ಹಾಳು ಮಾಡ್ಕೊಳ್ಳೋದು ಇಲ್ಲೇ. ಸೋಲಾರ್ ಹಾಕಿಸ್ಕೊಂಡ್ರೆ ಆಯ್ತು ಅಂತಾರೆ, ಆದ್ರೆ ನಮ್ಮ ಕಡೆ ಜುಲೈ ತಿಂಗಳ ಕಪ್ಪು ಮೋಡಕ್ಕೆ ಪ್ಯಾನೆಲ್ ತನ್ನ ಶಕ್ತಿಯ ಹತ್ತನೇ ಒಂದು ಪಾಲು ಕೊಟ್ರೆ ಹೆಚ್ಚು, ನಿಮಗೆ ಕರೆಂಟು ಬೇಕಾದಾಗಲೇ ಅದು ಮಲಗಿರತ್ತೆ. ನಮ್ಮಲ್ಲಿ ಆಗ ಧಾರಾಳವಾಗಿ ಇರೋದು ನೀರು. ಗುಡ್ಡದ ಹಳ್ಳದಿಂದ ಪೈಪಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ತಿರುಗ್ಸಿ ಕರೆಂಟು ಮಾಡೋದು, ಪಿಕೋ ಹೈಡ್ರೋ ಅಂತಾರಲ್ಲ, ಅದು ಶಿವಮೊಗ್ಗ ಚಿಕ್ಕಮಗಳೂರು ದಕ್ಷಿಣ ಕನ್ನಡ ಕಡೆ ಎಷ್ಟೋ ಮನೇಲಿದೆ, ಸರ್ಕಾರದ ಕ್ರೆಡಲ್ (ನವೀಕರಿಸಬಹುದಾದ ಇಂಧನದ ನಿಗಮ) ಮೂಲಕ ಇದಕ್ಕೆ ಸಬ್ಸಿಡಿನೂ ಬಂದಿತ್ತು. ನಿಮ್ಮಲ್ಲಿ ಆಗತ್ತಾ ಇಲ್ವಾ ಅಂತ ಯಾರನ್ನೂ ಕೇಳ್ಬೇಕಿಲ್ಲ, ಎರಡೇ ಅಳತೆ. ನೀರು ಎಷ್ಟಿದೆ ಅನ್ನೋಕೆ ಹಳ್ಳಕ್ಕೆ ಒಂದು ದಬ್ಬೆ ಕೊಟ್ಟು 20 ಲೀಟರ್ ಬಕೆಟ್ ಹಿಡೀರಿ, ತುಂಬೋಕೆ ಎಷ್ಟು ಸೆಕೆಂಡ್ ಅಂತ ನೋಡಿ, 7 ಸೆಕೆಂಡ್ ಆದ್ರೆ ಸೆಕೆಂಡಿಗೆ ಹೆಚ್ಚು ಕಮ್ಮಿ 3 ಲೀಟರ್. ಹಳ್ಳದಿಂದ ಟರ್ಬೈನ್ ತನಕದ ಎತ್ತರಕ್ಕೆ ಗಾರೆ ಕೆಲಸದವ್ರ ಲೆವೆಲ್ ಪೈಪು ಸಾಕು, ಮೆಟ್ಲು ಮೆಟ್ಲಾಗಿ ಅಳೀತಾ ಇಳೀರಿ. ಲೀಟರನ್ನ ಮೀಟರಿಂದ ಗುಣಿಸಿ, ಬಂದಿದ್ದನ್ನ 10ರಿಂದ ಗುಣಿಸಿ, ಅದ್ರಲ್ಲಿ ಅರ್ಧ ತೆಗೀರಿ. 3 ಲೀಟರ್, 30 ಮೀಟರ್ ಎತ್ತರ ಅಂದ್ರೆ ಕೈಗೆ ಸಿಗೋದು 450 ವ್ಯಾಟ್ ಹತ್ರ. ಅಷ್ಟೇನಾ ಅನ್ಸತ್ತೆ, ಆದ್ರೆ ಅದು ಹಗಲೂ ರಾತ್ರಿ ಓಡತ್ತೆ, ದಿನಕ್ಕೆ 10 ಯೂನಿಟ್ ಲೆಕ್ಕ. ಮನೆ ಪೂರ್ತಿ ಲೈಟು, ಫೋನು, ಟಿವಿ, ಸಣ್ಣ ಫ್ರಿಡ್ಜು ಎಲ್ಲ ನಡೆಯತ್ತೆ. ಬಳಸದೆ ಉಳಿದಿದ್ದನ್ನ ಕಂಟ್ರೋಲರ್ ಹೀಟರ್ ಕಾಯಿಲ್‌ಗೆ ತಿರುಗ್ಸತ್ತೆ, ನಾವು ಆ ಕಾಯಿಲ್ ಬಚ್ಚಲ ಡ್ರಮ್ಮಲ್ಲಿ ಇಳಿಬಿಟ್ಟಿದೀವಿ, ಸ್ನಾನಕ್ಕೆ ನೀರು ಅರ್ಧ ಕಾದಿರತ್ತೆ.

ಕಷ್ಟ ಇರೋದು ಟರ್ಬೈನಲ್ಲಿ ಅಲ್ಲ, ಮೇಲೆ ನೀರು ಪೈಪಿಗೆ ಹೋಗೋ ಬಾಯೀಲಿ. ಒಂದು ರಾತ್ರಿ ಗಾಳಿ ಬೀಸಿದ್ರೆ ಜಾಲರಿ ಮೇಲೆ ಎಲೆ ಮೆತ್ಕೊಂಡು ಬೆಳಗಿನ ಜಾವ ಬಲ್ಬು ಮಂಕಾಗತ್ತೆ. ಜಾಲರಿನ ನೇರ ನಿಲ್ಸದೆ ಇಳಿಜಾರಾಗಿ ಇಟ್ರೆ ನೀರೇ ಎಲೆ ತಳ್ಕೊಂಡು ಹೋಗತ್ತೆ, ಪೂರ್ತಿ ಹೋಗಲ್ಲ, ಆದ್ರೆ ಗುಡ್ಡ ಹತ್ತೋದು ಕಮ್ಮಿ ಆಗತ್ತೆ. ಮಳೆ ಜೋರಿದ್ದಾಗ ರಾತ್ರಿ ಹೊತ್ತು ಅಲ್ಲಿಗೆ ಯಾರೂ ಹೋಗಬಾರ್ದು, ಇದು ನಮ್ಮನೇಲಿ ಖಡಾಖಂಡಿತ. ನಾಲ್ಕು ಗಂಟೆ ಕತ್ತಲೇಲಿ ಕೂತ್ರೆ ಏನೂ ಆಗಲ್ಲ.

ಇಳಿಜಾರು ಇಲ್ದಿರೋರು ಇನ್ವರ್ಟರ್ ಬ್ಯಾಟರಿನೇ ನಂಬಬೇಕು, ಅದನ್ನ ಲೆಕ್ಕ ಹಾಕಿ ಬಳಸ್ಬೇಕು ಅಷ್ಟೆ. 150 ಎಎಚ್‌ನ 12 ವೋಲ್ಟ್ ಬ್ಯಾಟರೀಲಿ, ಎರಡನ್ನೂ ಗುಣಿಸಿದ್ರೆ, 1800 ವ್ಯಾಟ್ ಅವರ್ ಇರತ್ತೆ, ಲೆಡ್ ಆಸಿಡ್ ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಇದ್ರೆ ಬೇಗ ಸಾಯತ್ತೆ, ಹಂಗಾಗಿ 900 ಅಂತ ಇಟ್ಕೊಳ್ಳಿ. 9 ವ್ಯಾಟಿನ ಎಲ್‌ಇಡಿ ಬಲ್ಬು ನಾಲ್ಕನ್ನ ಐದು ಗಂಟೆ ಉರಿಸಿದ್ರೆ 180 ಹೋಯ್ತು, ಫೋನುಗಳಿಗೆ ಒಂದಿಷ್ಟು. ಮೂರ್ನಾಲ್ಕು ರಾತ್ರಿ ದಾಟಬಹುದು, ಟಿವಿ ಹಚ್ಚಿದ್ರೆ ಇಲ್ಲ. ರೇಷನ್ ಅಂಗಡಿ ಸೀಮೆಎಣ್ಣೆ ನಂಬಿ ಲಾಟೀನು ಇಟ್ಕೊಳ್ಳೋ ಕಾಲ ಹೋಯ್ತು, ಹರಳೆಣ್ಣೆ ದೀಪ ಈಗ್ಲೂ ಉರಿಯತ್ತೆ.

ಊಟದ ವಿಷಯದಲ್ಲಿ ನಾನು ಹೊಸದೇನೂ ಕಂಡುಹಿಡಿದಿಲ್ಲ, ಎಲ್ಲ ಅಮ್ಮನ ಕಡೆಯಿಂದ ಬಂದಿದ್ದು. ಮಲೆನಾಡಿನ ಅಡುಗೆಮನೆ ಹಿಂದಿನಿಂದ್ಲೂ ಮಳೆಗಾಲ ಲೆಕ್ಕ ಹಾಕ್ಕೊಂಡೇ ನಡ್ಕೊಂಡು ಬಂದಿದೆ, ಬೇಸಿಗೇಲಿ ಹಲಸಿನ ಹಪ್ಪಳ, ಬಾಳಕ, ಅಪ್ಪೆಮಿಡಿ ಉಪ್ಪಿನಕಾಯಿ, ಭರಣೀಲಿ ಉಪ್ಪಿಗೆ ಹಾಕಿ ಕಲ್ಲು ಹೇರಿಟ್ಟ ಹಲಸಿನ ಸೊಳೆ, ವಾಟೆಹುಳಿ. ಹಲಸಿನ ಬೀಜನ ಕೆಮ್ಮಣ್ಣಲ್ಲಿ ಹೊರಳಿಸಿ ಇಟ್ರೆ ತಿಂಗಳುಗಟ್ಲೆ ಇರತ್ತೆ. ಸೌತೆಕಾಯಿನ ಬಾಳೆಪಟ್ಟೆಲಿ ಕಟ್ಟಿ ಜಂತಿಗೆ ನೇತು ಹಾಕ್ತೀವಿ, ಒಂದಕ್ಕೊಂದು ತಾಗಬಾರ್ದು. ಬೇಳೆ ಬಿಸಿಲಿಗೆ ಒಣಗ್ಸಿ ಕೈಗೆ ಹರಳೆಣ್ಣೆ ಸವರ್ಕೊಂಡು ತಿಕ್ಕಿ ಡಬ್ಬಿಗೆ ಹಾಕಿದ್ರೆ ಹುಳ ಬರಲ್ಲ. ಇದೆಲ್ಲ ಮಳೆಗಾಲದಲ್ಲಿ ರೋಡು ಚೆನ್ನಾಗಿದ್ರೂ ತಿನ್ನೋದೇ, ಹಂಗಾಗಿ ಹಳೇದು ಉಳ್ಕೊಳ್ಳೋ ಪ್ರಶ್ನೆನೇ ಇಲ್ಲ, ಡೇಟ್ ಮುಗೀತಾ ಅಂತ ನೋಡೋ ಕೆಲ್ಸ ಇಲ್ಲ. ಮನೆ ಹಿಂದೆ ಕೆಸ ಇದೆ. ಕಳಲೆ, ಅಂದ್ರೆ ಎಳೆ ಬಿದಿರಿನ ಮೊಳಕೆ, ಅದನ್ನ ಮಾತ್ರ ಎರಡ್ಮೂರು ದಿನ ನೀರು ಬದಲಾಯಿಸ್ತಾ ನೆನೆಹಾಕದೆ ಬೇಯಿಸ್ಬೇಡಿ, ಅದ್ರಲ್ಲಿ ಸಯನೈಡ್ ಅಂಶ ಇರತ್ತೆ, ಪೇಟೆಯಿಂದ ಬಂದಿರೋ ಸೊಸೆಯಂದ್ರಿಗೆ ಇದು ಗೊತ್ತಿರಲ್ಲ.

ಸುತ್ತ ನೀರೋ ನೀರು ಇರೋವಾಗ್ಲೇ ಕುಡಿಯೋ ನೀರಿಗೆ ತತ್ವಾರ. ಹಳ್ಳದ ನೀರು ಬಾವಿಗೆ ನುಗ್ಗಿದ್ರೆ ಕೆಂಪಾಗತ್ತೆ. ಕಟ್ಟೆ ಎತ್ತರ ಮಾಡ್ಸಿ, ಸುತ್ತ ಸಿಮೆಂಟ್ ಹಾಕ್ಸಿ, ಕೊಟ್ಟಿಗೆ ನೀರು ಆ ಕಡೆ ಬರದ ಹಾಗೆ ಬಸಿಗಾಲುವೆ ತೆಗೀರಿ, ಅರ್ಧ ಕೆಲಸ ಅಲ್ಲೇ ಮುಗೀತು. ನೀರು ತಿಳಿಯಾದ ಮೇಲೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರು, ಬಕೆಟ್ಟಲ್ಲಿ ಕಲಸಿ ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಹಾಕಿ, ಒಂದು ಗಂಟೆ ಬಿಡ್ಬೇಕು. ಪ್ಯಾಕೆಟ್ ಒಡ್ದು ಹಂಗೇ ಇಟ್ಟಿದ್ದ ಪೌಡರಲ್ಲಿ ಶಕ್ತಿ ಇರಲ್ಲ, ವರ್ಷಾ ವರ್ಷಾ ಹೊಸದು ತನ್ನಿ. ಇಷ್ಟಾದ್ರೂ ನಾವು ಕುಡಿಯೋದು ಕುದಿಸಿದ ನೀರೇ.

ಅಪ್ಪಯ್ಯನ ಬಿಪಿ ಮಾತ್ರೆ ಒಂದು ತಿಂಗಳಿಗಾಗೋವಷ್ಟು ಮುಂದಾಗೇ ತಂದಿರ್ತೀನಿ, ಮೊದ್ಲು ಹಳೇ ಸ್ಟ್ರಿಪ್ಪು, ಆಮೇಲೆ ಹೊಸದು. ಇನ್ಸುಲಿನ್ ತಗೊಳ್ಳೋರು ಫ್ರಿಡ್ಜ್ ನಿಂತ್ರೆ ಗಾಬರಿ ಆಗ್ಬೇಡಿ, ಬಳಸ್ತಾ ಇರೋ ಬಾಟ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಂಪಾದ ರೂಮಲ್ಲಿ ಇರತ್ತೆ, ಅದ್ರ ಜೊತೆ ಬರೋ ಚೀಟೀಲಿ ಎಷ್ಟು ದಿನ ಅಂತ ಹಾಕಿರ್ತಾರೆ ಓದ್ಕೊಳ್ಳಿ, ಡಾಕ್ಟ್ರನ್ನ ಒಂದ್ಸಲ ಕೇಳಿಟ್ಕೊಳ್ಳಿ. ಕ್ಯಾಶು 50, 100ರ ನೋಟಲ್ಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಕವರಲ್ಲಿ ಬಾಗಿಲ ಹತ್ರ. ಸೆಲ್ ರೇಡಿಯೋ ಒಂದು, ನೆಟ್‌ವರ್ಕ್ ಇಲ್ದಾಗ ಭದ್ರಾವತಿ ಆಕಾಶವಾಣಿನೇ ಸುದ್ದಿ.

ಆ ಕವರ್ ಬಾಗಿಲ ಹತ್ರ ಇಡೋದು ಯಾಕೆ ಅಂದ್ರೆ ಎದ್ದು ಹೊರಡೋಕೆ. ಎಷ್ಟೇ ಸೌದೆ ಒಟ್ಟಿರಲಿ ಎಷ್ಟೇ ಕರೆಂಟು ಮಾಡ್ಕೊಂಡಿರಲಿ, ಗುಡ್ಡ ಕುಸಿಯೋಕೆ ಶುರುವಾದ್ರೆ ಅದ್ಯಾವ್ದೂ ಲೆಕ್ಕಕ್ಕಿಲ್ಲ. 2018ರ ಆಗಸ್ಟಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಅದೇ ತಿಂಗಳು 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇದನ್ನೆಲ್ಲ ನೋಡಿದ ಮೇಲೆ ನಾನು ಮಳೆಮಾಪಕ ಇಟ್ಟೆ, ದಿನಾ ಬೆಳಗ್ಗೆ 8.30ಕ್ಕೆ ಅಳ್ದು ಬರೀತೀನಿ, ಹವಾಮಾನ ಇಲಾಖೆಯವ್ರೂ ಅದೇ ಹೊತ್ತಿಗೆ ಅಳೆಯೋದು. 24 ಗಂಟೇಲಿ 204 ಮಿಲಿಮೀಟರ್ ದಾಟಿದ್ರೆ ಅವ್ರ ಲೆಕ್ಕದಲ್ಲಿ ಅತ್ಯಂತ ಭಾರಿ ಮಳೆ. ನನ್ನ ಪ್ರಕಾರ ಒಂದು ದಿನದ ಲೆಕ್ಕಕ್ಕಿಂತ ಎಡೆಬಿಡದೆ ನಾಲ್ಕೈದು ದಿನ ಹೊಯ್ದಿದ್ದು ಒಟ್ಟು ಎಷ್ಟಾಯ್ತು ಅನ್ನೋದು ಮುಖ್ಯ, ಮಣ್ಣು ನೀರು ಕುಡ್ದು ಕುಡ್ದು ಭಾರ ಆಗಿರತ್ತೆ. ಮನೆ ಹಿಂದಿನ ಗುಡ್ಡದಲ್ಲಿ ನೆಲ ಬಿರುಕು ಬಿಡೋದು, ಮರ ವಾಲೋದು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂಗೆ ರಾಡಿ ಆಗೋದು ಅಥವಾ ಹೊಸ ಜಾಗದಲ್ಲಿ ನೀರು ಏಳೋದು, ಬಾಗಿಲು ಕಿಟಕಿ ಸಿಕ್ಕಾಕ್ಕೊಳ್ಳೋದು, ಇದ್ರಲ್ಲಿ ಒಂದು ಕಂಡ್ರೂ ದನಗಳ ಕಣ್ಣಿ ಬಿಚ್ಚಿ ಹಗಲಲ್ಲೇ ಹೊರಡಿ. ರಾತ್ರಿ ತನಕ ನೋಡೋಣ ಅನ್ಬೇಡಿ. ಎಲ್ಲಿಗೆ ಹೋಗೋದು, ಯಾವ ದಾರೀಲಿ, ಕಾಲುಸಂಕ (ಹಳ್ಳದ ಮೇಲಿನ ಸಣ್ಣ ಕಾಲು ಸೇತುವೆ) ದಾಟಬೇಕಾ ಬೇಡ್ವಾ ಅಂತ ಮೊದ್ಲೇ ಮಾತಾಡಿ ಇಟ್ಕೊಂಡಿರಬೇಕು, ಹಳ್ಳ ದಾಟದೆ ಹೋಗೋ ದಾರಿ ಇದ್ರೆ ಸುತ್ತಾದ್ರೂ ಅದೇ ಒಳ್ಳೇದು. ನಾವು ಹೋಗೋದು ಕೆಳಗಿನ ಕೇರಿ ಗೌಡ್ರ ಮನೆಗೆ, ಅವ್ರ ಅಂಗಳ ಬಂಡೆ ಮೇಲಿದೆ.

ಹಿಂಗೆ ಮಾತಾಡ್ತಾ ಮಾತಾಡ್ತಾನೇ ನಾಲ್ಕು ಮನೆಯೋರು ಸೇರಿ ಯಾರ ಹತ್ರ ಏನಿದೆ ಅಂತ ಒಂದು ಹಾಳೇಲಿ ಬರ್ಕೊಂಡಿದೀವಿ. ಗೌಡ್ರದ್ದು ಜೀಪು, ಶೆಟ್ರದ್ದು ಮರ ಕುಯ್ಯೋ ಮೆಷಿನ್ನು, ನಮ್ಮನೇಲಿ ಫೋನ್ ಚಾರ್ಜಿಂಗು, ಆಶಾ ಕಾರ್ಯಕರ್ತೆ ಮನೇಲಿ ಓಆರ್‌ಎಸ್ಸು, ಜ್ವರದ ಮಾತ್ರೆ. ರೋಡಿಗೆ ಮರ ಬಿದ್ರೆ ನಾವೇ ಕುಯ್ದು ತೆಗೀತೀವಿ, ಲೈನ್ ತಂತಿ ಸಿಕ್ಕಾಕ್ಕೊಂಡಿದ್ರೆ ಮಾತ್ರ ಲೈನ್‌ಮ್ಯಾನ್ ಬರೋ ತನಕ ಯಾರೂ ಮುಟ್ಟಲ್ಲ, ಆ ಮಳೇಲಿ ಕಂಬ ಹತ್ತೋ ಹುಡುಗ್ರಿಗೆ ಊಟ ಹಾಕೋದು ಆವತ್ತು ಯಾವ ಮನೆ ಹತ್ರ ಆಗತ್ತೋ ಅವ್ರ ಪಾಲು. ನೆಟ್‌ವರ್ಕ್ ಇಲ್ದಾಗ ಸಂಜೆ ಆರಕ್ಕೆ ಪ್ರತಿ ಮನೆಯೋರೂ ಅಂಗಳಕ್ಕೆ ಬಂದು ಕೆಳಗಿನ ಮನೆ ಕಡೆ ಒಂದು ಕೂ ಹಾಕಬೇಕು, ವಾಪಸ್ ಕೂ ಬರಲಿಲ್ಲ ಅಂದ್ರೆ ಟಾರ್ಚ್ ತಗೊಂಡು ಒಬ್ರು ಹೋಗಿ ನೋಡ್ಕೊಂಡು ಬರ್ಬೇಕು. ಈ ವರ್ಷ ಕಾಲುಸಂಕಕ್ಕೆ ಎರಡೂ ಕಡೆ ಕೈ ಹಿಡಿಯೋಕೆ ಕಬ್ಬಿಣದ ಪೈಪು ಹಾಕೋದು ಅಂತ ಮಾತಾಗಿದೆ, ಪೈಪಿನ ದುಡ್ಡು ನಾಲ್ಕೂ ಮನೆಯೋರು ಹಂಚ್ಕೊಳ್ಳೋದು, ವೆಲ್ಡಿಂಗ್ ಮಾತ್ರ ಮೇ ಮುಗಿಯೋದ್ರೊಳಗೆ ಆಗ್ಬೇಕು.