ಬೇವಿನ ನೆರಳಲ್ಲಿ ಗಿಡ: ನನ್ನ ಅನುಭವ

ವಿಜಯಪುರದ ನಮ್ಮ ಹಿತ್ತಲ ತುಂಬ ಒಂದೇ ಬೇವಿನ ಮರದ ನೆರಳು. "ಬೇವಿನ ಬುಡಕ್ಕ ರೊಕ್ಕ ಹುಗೀಬ್ಯಾಡೋ ತಮ್ಮಾ" ಅಂತ ಪಕ್ಕದ ಮನೆ ಕಾಕಾ ಅಂದಿದ್ದರು. ಎರಡು ವರ್ಷ ಅವರ ಮಾತೇ ಖರೆ ಆಯ್ತು.

ಮೊದಲು ಹಾಕಿದ್ದು ಕೇಪಳ. ಹತ್ತು ಗಿಡ, ಒಂದಕ್ಕೆ 120 ರೂಪಾಯಿ ಇದ್ದಿರಬೇಕು. ಎರಡೇ ತಿಂಗಳಿಗೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಅದಕ್ಕೆ ಹುಳಿ ಮಣ್ಣು ಬೇಕು, ನಮ್ಮದು ಕಪ್ಪು ಎರೆ ಮಣ್ಣು, ಮೇಲೆ ಬೋರಿನ ಸವಳು ನೀರು. ಕಬ್ಬಿಣದ ಅಂಶ ಸಿಗಲಿ ಅಂತ ಅನ್ನಭೇದಿ (ಫೆರಸ್ ಸಲ್ಫೇಟ್) ಸಿಂಪಡಿಸಿದೆ. ಹದಿನೈದು ದಿನ ಹಸಿರಾಗಿ ಮತ್ತೆ ಹಳದಿ.

ಆಮೇಲೆ ನಂದಿಬಟ್ಟಲು, ಅಂದದ ಎಲೆಯ ಅರೇಲಿಯಾ ಗಿಡ. ದಿನಾ ನೀರು ಹಾಕಿದರೂ ಏಪ್ರಿಲ್‌ನಲ್ಲಿ ಬಾಡಿದವು. ಸಿಟ್ಟಿನಿಂದ ಒಂದನ್ನು ಕಿತ್ತೆ. ಗುಂಡಿ ತುಂಬ ಕೂದಲಿನಂಥ ಬೇವಿನ ಬೇರು! ನಾನು ಹಾಕಿದ ಗೊಬ್ಬರ, ನೀರು ಎಲ್ಲ ಮರ ಉಂಡು ಕೂತಿತ್ತು. ಪಾಪ, ನಾನು ಸುಮ್ನೆ ನೆರಳನ್ನು ಬೈಯುತ್ತಿದ್ದೆ. ಅಷ್ಟೊತ್ತಿಗೆ ಮೂರು ಸಾವಿರ ಹೋಗಿತ್ತು.

ಗುಜರಿಯಿಂದ 20 ಲೀಟರಿನ ಪೇಂಟ್ ಡಬ್ಬಿ ತಂದೆ, ಮೂವತ್ತು ರೂಪಾಯಿಗೊಂದು. ತಳಕ್ಕೆ ತೂತು ಹೊಡೆದು ನೆಲದ ಮೇಲೇ ಇಟ್ಟೆ. ಮಳೆಗಾಲ ಮುಗಿದ ಮೇಲೆ ಎತ್ತಲು ಹೋದರೆ ಡಬ್ಬಿ ಏಳಲೇ ಇಲ್ಲ. ತೂತಿನಿಂದ ಬೇವು ಒಳಗೆ ಬಂದಿತ್ತು! ಈಗ ಕೆಳಗೆ ಫರಸಿ ಕಲ್ಲಿನ ತುಂಡು, ಅದರ ಮೇಲೆ ಎರಡು ಇಟ್ಟಿಗೆ, ಆಮೇಲೆ ಡಬ್ಬಿ. ಡಬ್ಬಿಗೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಇನ್ನೊಂದು ಸಾಮಾನೂ ಬೀಳುತ್ತದೆ, ಅದನ್ನು ನಮ್ಮ ಮನೆಯವಳಿಗೂ ಹೇಳಿಲ್ಲ.

ನೀರಿಗೆ ಮಾಳಿಗೆಯ ಮಳೆ ನೀರು, ಬೇಸಿಗೆಯಲ್ಲಿ ಎಸಿಯ ನೀರು. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಹೊರಗೆ ಬಿಟ್ಟ ನೀರನ್ನೂ ಒಂದು ಕ್ರೋಟನ್‌ಗೆ ಹಾಕಿ ನೋಡಿದೆ, ಎಲೆಯ ಅಂಚೆಲ್ಲ ಸುಟ್ಟಿತು. ಕ್ರೋಟನ್ ಬಣ್ಣವೂ ನೆರಳಲ್ಲಿ ಮಂಕು, ಅದು ನೆರಳಿನ ಅಂಚಿಗೇ ಸರಿ.

ಈಗ ಹದಿನಾಲ್ಕು ಡಬ್ಬಿ ನಿಂತಿವೆ, ಅರೇಲಿಯಾ ನನ್ನ ಎದೆಯ ಎತ್ತರ. ಬೆಳಿಗ್ಗೆ ಹತ್ತರವರೆಗೆ ಬಿಸಿಲು ಬೀಳುವ ಕಡೆ ಅಬ್ಬಲಿಗೆ ಜಾಸ್ತಿ ಹೂ ಬಿಡುತ್ತದೆ. ಕಂಪೌಂಡಿನ ಹೊರಗೆ ಆಡುಸೋಗೆ ಕಡ್ಡಿ ಚುಚ್ಚಿದ್ದೆ, ಖರ್ಚು ಸೊನ್ನೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ ಅಲ್ವಾ? ಓಣಿಯ ಆಡುಗಳು ಇದನ್ನು ಮೂಸಿ ಮುಂದೆ ಹೋಗುತ್ತವೆ.

ಹಟಕ್ಕೆ ಈ ಸಲ ಎರಡು ಡಬ್ಬಿಗೆ ಮತ್ತೆ ಕೇಪಳ ಹಾಕಿದ್ದೇನೆ, ಬರೀ ಮಳೆ ನೀರಲ್ಲಿ. ಒಂದು ಚಿಗುರಿದೆ.